ನೀಲಿ ಟಾರ್ಪಾಲಿನ ಗುಡ್ಡೆ

ನದಿ ದಂಡೆಯ ಸೈಟು, ತಗಡಿನ ಕೋಣೆ
ಮಂಗಳವಾರ, ಸಂಜೆ

ಮಾತು ಬಿಟ್ಟರೂ ಓದುವುದನ್ನು ಬಿಡದ ಅಕ್ಕನಿಗೆ,

ಈ ಕಾಗದವನ್ನು ಹರಿಯಬೇಡ. ಹರಿಯಲೇಬೇಕು ಅನ್ನಿಸಿದರೆ ಓದಿ ಮುಗಿಸಿ ಹರಿ. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀ. ಭಾವನಿಗೆ ಮಾಡಿದರೆ ಅವರು ಫೋನನ್ನು ತಂದು ನಿನ್ನ ಕೈಗೇ ಕೊಡುತ್ತಾರೆ, ಮತ್ತೆ ನೀನೇ ಕಟ್ ಮಾಡುತ್ತೀ. ನಿನ್ನ ಮಗಳ ಕೈಲಿ ಹೇಳಿಸಿದರೆ, "ಅವಳ ಸುದ್ದಿ ಈ ಮನೇಲಿ ಎತ್ತಬೇಡ, ನನ್ನ ಮೊಮ್ಮಗಳನ್ನ ನೋಡ್ಕೊಳ್ಳೋದು ನನಗೆ ಗೊತ್ತು" ಎಂದೆಯಂತೆ. ಕೊನೆಗೆ ಉಪಾಯ ಹೇಳಿಕೊಟ್ಟವಳೂ ಅವಳೇ. "ಚಿಕ್ಕಮ್ಮ, ಬರೆದು ಕೊಡಿ. ಅಮ್ಮ ಕಿವಿ ಮುಚ್ಕೋಬಹುದು, ಕಣ್ಣು ಮುಚ್ಕೊಳ್ಳೋಕೆ ಅವರ ಕೈಲಿ ಆಗಲ್ಲ. ಅಂಗಡಿ ಪೊಟ್ಟಣದ ಕಾಗದಾನೂ ಬಿಡಿಸಿ ಓದೋರು" ಎಂದಳು. ಎರಡು ವಾರದಿಂದ ಆಸ್ಪತ್ರೆಯ ಕೆಲಸದಲ್ಲಿ ರಜೆ ಸಿಗದೆ ಒದ್ದಾಡುತ್ತಿದ್ದವಳಿಗೆ ನಾಳೆ ಕೊನೆಗೂ ರಜೆ. ಮಗುವನ್ನು ನೋಡಲು ಮೊದಲ ಬಸ್ಸಿಗೆ ನಿಮ್ಮೂರಿಗೆ ಹೊರಡುತ್ತಾಳೆ. ಅವಳ ಚೀಲದಲ್ಲಿ ಇದನ್ನು ಇಡುತ್ತಿದ್ದೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ, ಬೈಗುಳ ಆಮೇಲೆ. ಹೋದ ತಿಂಗಳ ಕೊನೆಗೆ ನಿಮ್ಮ ಮನೆ ಮುಂದೆ ಇಳಿದ ಲಾರಿ ಮಣ್ಣು ಒಳ್ಳೆಯ ಮಣ್ಣಲ್ಲ. ಅದರಲ್ಲಿ ಸೀಸ ಇದೆ. ಇಲ್ಲಿದ್ದ ಹಳೆ ಬಣ್ಣದ ಕಾರ್ಖಾನೆಯ ಸೀಸ. ದೊಡ್ಡವರಿಗೂ ಅದು ಒಳ್ಳೆಯದಲ್ಲ, ಸಣ್ಣ ಮಗುವಿಗಂತೂ ವಿಷ. ತಿಂದ ಕೂಡಲೇ ವಾಂತಿಯಾಗುವುದಿಲ್ಲ, ಜ್ವರ ಬರುವುದಿಲ್ಲ. ಸದ್ದಿಲ್ಲದೆ ರಕ್ತಕ್ಕೆ ಸೇರಿ ಮಗುವಿನ ಬುದ್ಧಿಯ ಬೆಳವಣಿಗೆಗೇ ಕೈ ಹಾಕುತ್ತದೆ. ನಿನ್ನ ಮೊಮ್ಮಗಳಿಗೆ ಚಿಟಿಕೆ ಅಂತ ಹೆಸರು ಬಿದ್ದದ್ದೇ ಕಂಡದ್ದನ್ನೆಲ್ಲ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ರುಚಿ ನೋಡುವುದಕ್ಕೆ. ಗೋಡೆಯ ಸುಣ್ಣ, ನಿನ್ನ ಪೌಡರು, ಭಾವನ ಹಲ್ಲುಪುಡಿ, ಕುಂಡದ ಮಣ್ಣು, ಯಾವುದನ್ನೂ ಬಿಟ್ಟವಳಲ್ಲ. ಅದಕ್ಕೇ ನನ್ನ ಜೀವ ಬಾಯಿಗೆ ಬಂದಿದೆ. ನಮ್ಮ ಜಗಳ ಇನ್ನೂ ಹತ್ತು ವರ್ಷ ಬೇಕಾದರೂ ನಡೆಯಲಿ, ಮಗುವನ್ನು ಮಾತ್ರ ಆ ಮಣ್ಣಿನ ಹತ್ತಿರ ಬಿಡಬೇಡ.

ಇದನ್ನು ಓದಿ ನೀನು ಏನನ್ನುತ್ತೀ ಎಂದೂ ಗೊತ್ತು. ತಾನೂ ಕೊಡಲಿಲ್ಲ, ಇನ್ನೊಬ್ಬರು ಕೊಟ್ಟರೆ ಅದಕ್ಕೂ ಕೊಂಕು ತೆಗೆಯುತ್ತಾಳೆ ಎನ್ನುತ್ತೀ. ಚಿಟಿಕೆಯ ಹುಟ್ಟಿದ ಹಬ್ಬದ ದಿನ, ಊಟಕ್ಕೆ ಕೂತವರೆಲ್ಲರ ಮುಂದೆ, ಮನೆಯ ಅಂಗಳದಲ್ಲಿ ಬರೀ ಇಟ್ಟಿಗೆ ಚೂರು, ಅಮ್ಮನ ಗುಲಾಬಿಯ ಕಡ್ಡಿ ಊರಲೂ ಒಂದು ಹಿಡಿ ಮಣ್ಣಿಲ್ಲ, ನಿನ್ನ ಸೈಟಿನಲ್ಲಿ ಬೆಟ್ಟದಷ್ಟು ಬಿದ್ದಿದೆಯಲ್ಲ ಎಂದು ನೀನು ಕೇಳಿದೆ. ಅದು ನಮ್ಮಪ್ಪನ ಮನೆ ಮಣ್ಣಲ್ಲ, ಪರೀಕ್ಷೆಯಾಗದೆ ಒಂದು ಹಿಡಿಯೂ ಹೊರಗೆ ಹೋಗುವಂತಿಲ್ಲ ಎಂದು ನಾನು ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ, ಒಪ್ಪುತ್ತೇನೆ. "ಒಂದು ಬುಟ್ಟಿ ಮಣ್ಣು ಕೊಡೋಕಾಗದೋಳು ಒಡಹುಟ್ಟಿದೋಳಾ" ಎಂದು ನೀನು ಅಂದುಬಿಟ್ಟೆ. ನಾನು ತಟ್ಟೆ ಬಿಟ್ಟು ಎದ್ದೆ. ನೀನು ಗೇಟಿನವರೆಗೂ ಬರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಾವಿಬ್ಬರೂ ಹಾವು ಮುಂಗುಸಿ. ಮಕ್ಕಳಾಗಿದ್ದಾಗ ಒಂದೇ ಹೊದಿಕೆ ಎಳೆದಾಡಿ ಮಲಗಿದವರು ಈ ವಯಸ್ಸಿಗೆ ಮಣ್ಣಿಗೆ ಕಿತ್ತಾಡುತ್ತೇವೆ ಎಂದರೆ ಕೇಳಿದವರು ನಗುತ್ತಾರೆ.

ನಾನಿಲ್ಲಿ ಮಾಡುವ ಕೆಲಸ ಏನು ಎಂದು ನಿನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. "ನನ್ನ ತಂಗಿ ಮಣ್ಣು ಕಾಯ್ತಾಳೆ" ಅಂತ ಪಕ್ಕದ ಮನೆಯವರಿಗೆ ಹೇಳುತ್ತೀಯಂತೆ. ಸುಳ್ಳೇನಲ್ಲ ಬಿಡು. ಬಣ್ಣದ ಕಾರ್ಖಾನೆಯವರು ಕಾಲ ಕಾಲದಿಂದ ಕೊಪ್ಪರಿಗೆ ತೊಳೆದ ನೀರನ್ನು ಇಲ್ಲೇ ನದಿ ದಂಡೆಗೆ ಬಿಟ್ಟು, ಒಡೆದ ಡಬ್ಬಗಳನ್ನು ಇಲ್ಲೇ ಹೂತು, ಒಂದು ದಿನ ಬೀಗ ಹಾಕಿಕೊಂಡು ಹೊರಟುಹೋದರು. ಈಗ ಆ ಜಾಗದಲ್ಲಿ ಮನೆಗಳ ದೊಡ್ಡ ಕಟ್ಟಡ, ದಂಡೆಯುದ್ದಕ್ಕೂ ನಡೆದಾಡುವ ದಾರಿ, ಮಕ್ಕಳ ಆಟದ ಬಯಲು ಬರಬೇಕು. ಕಟ್ಟುವ ಮೊದಲು ಮಣ್ಣನ್ನು ಚೊಕ್ಕ ಮಾಡಬೇಕು. ಅದು ನನ್ನ ಪಾಲಿಗೆ ಬಂದ ಪಂಚಾಮೃತ.

ಜಾಗಕ್ಕೆಲ್ಲ ಹಗ್ಗ ಎಳೆದು ಚೌಕ ಚೌಕ ಮಾಡಿದ್ದೇವೆ. ಒಂದೊಂದು ಚೌಕದ ಮಣ್ಣನ್ನೂ ಅಗೆದು ಬೇರೆ ಬೇರೆ ಗುಡ್ಡೆ ಹಾಕಿ, ಪ್ರತಿ ಗುಡ್ಡೆಯಿಂದ ಮಣ್ಣು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ಅಲ್ಲಿಂದ ಉತ್ತರ ಬರುವವರೆಗೆ ಯಾವುದೂ ಒಳ್ಳೆಯದಲ್ಲ, ಯಾವುದೂ ಕೆಟ್ಟದ್ದಲ್ಲ. ಉತ್ತರ ಬಂದ ಮೇಲೆ ಕೆಟ್ಟ ಗುಡ್ಡೆಗೆ ಕರಿ ಟಾರ್ಪಾಲು, ಒಳ್ಳೆ ಗುಡ್ಡೆಗೆ ನೀಲಿ ಟಾರ್ಪಾಲು. ಕರಿಯದು ದೂರದ ಗುಂಡಿಗೆ ಹೋಗುತ್ತದೆ, ನೀಲಿಯದು ಇಲ್ಲೇ ವಾಪಸು ತುಂಬಲು. ಹೀಗೆ ಬಣ್ಣ ಹಚ್ಚಿ ಇಡುವುದು ಯಾಕೆಂದರೆ ಸೀಸ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆ ಹೊಡೆಯುವುದಿಲ್ಲ, ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳಿಕೊಡುವುದೇ ಇದು. ಕೈ ಕೆಸರಾದರೆ ಬಾಯಿ ಮೊಸರು ಎಂದು ಯಾರಾದರೂ ಅಂದರೆ, ನಮ್ಮಲ್ಲಿ ಕೈ ಕೆಸರಾದರೆ ಮೊದಲು ಸೋಪು, ಆಮೇಲೆ ಬಾಯಿ ಎಂದು ಗದರುತ್ತೇನೆ. ಬೆನ್ನ ಹಿಂದೆ ನನ್ನನ್ನು ಸೋಪಮ್ಮ ಎನ್ನುತ್ತಾರೆ.

ಇಷ್ಟೆಲ್ಲ ಕಟ್ಟುನಿಟ್ಟು ಇದ್ದ ಕಡೆ ಎಡವಟ್ಟು ಹೇಗಾಯಿತು ಎಂದು ನೀನು ಕೇಳುತ್ತೀ. ಕೇಳು, ನಿನಗೂ ರಕ್ತ ಕುದಿಯಲಿ. ನಮ್ಮ ಸೈಟಿಗೆ ಒಬ್ಬ ದೊಡ್ಡ ಸಾಹೇಬರಿದ್ದಾರೆ. ಏನು ಹೇಳಿದರೂ ಅವರ ಬಾಯಿಂದ ಬರುವುದು ಒಂದೇ ಮಾತು, "ನಡಿಯುತ್ತೆ ಬಿಡಿ." ಪಂಪು ಕೆಟ್ಟಿದೆ ಸಾರ್ ಎಂದರೆ ನಡಿಯುತ್ತೆ ಬಿಡಿ. ಲಾರಿಯ ಚಕ್ರ ತೊಳೆಯದೆ ರಸ್ತೆಗೆ ಬಿಟ್ಟಿದ್ದಾರೆ ಎಂದರೆ ನಡಿಯುತ್ತೆ ಬಿಡಿ. ಅವರಿಗೆ ನಾವೆಲ್ಲ ಇಟ್ಟ ಹೆಸರೂ ಅದೇ, ನಡಿಯುತ್ತೆ ಸಾಹೇಬರು. ಹೋದ ತಿಂಗಳು ಅಡಿಗಲ್ಲು ಹಾಕುವ ಸಮಾರಂಭ ಇಟ್ಟುಕೊಂಡರು. ಅಡಿಯೇ ಇನ್ನೂ ಚೊಕ್ಕವಾಗಿಲ್ಲ, ಕಲ್ಲು ಯಾವ ಅವಸರಕ್ಕೆ ಎಂದು ನಾನು ಕೇಳಿದೆ. ನಡಿಯುತ್ತೆ ಬಿಡಿ. ನಾನು ಆ ಸಮಾರಂಭಕ್ಕೆ ಬರುವುದಿಲ್ಲ ಎಂದು ಹೇಳಿ, ಬೇಕೆಂದೇ ಆ ದಿನ ಪ್ರಯೋಗಾಲಯಕ್ಕೆ ಹೋಗಿ ಕೂತೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಎನ್ನುತ್ತಾರಲ್ಲ, ಅದು.

ನಾನು ಅತ್ತ ಹೋದೆ, ಇತ್ತ ಸಾಹೇಬರು ಕುರ್ಚಿ ಹಾಕಿಸಿದ ಜಾಗದಲ್ಲಿ ನಿಂತು ನೋಡಿದ್ದಾರೆ. ಎದುರಿಗೇ ಸಾಲಾಗಿ ಕರಿ ಟಾರ್ಪಾಲಿನ ಗುಡ್ಡೆಗಳು. ನೀಲಿಯವು ಹಿಂದಿನ ಸಾಲಿನಲ್ಲಿ, ಬೇಲಿಯ ಪಕ್ಕ. "ಬಂದವರ ಕಣ್ಣಿಗೆ ಮೊದಲು ಕಪ್ಪು ಬಿದ್ರೆ ಚೆನ್ನಾಗಿರಲ್ಲ. ಫೋಟೋದಲ್ಲೂ ಮಂಕಾಗಿ ಬರುತ್ತೆ. ನೀಲೀನ ಮುಂದಕ್ಕೆ ಹಾಕಿ, ಕರೀನ ಹಿಂದಕ್ಕೆ ಹಾಕಿ" ಎಂದಿದ್ದಾರೆ. ಮಣ್ಣನ್ನು ಹಿಂದೆ ಮುಂದೆ ಮಾಡಲು ಆಗುತ್ತದೆಯೇ? ಹೊದಿಕೆಯನ್ನೇ ಹಿಂದೆ ಮುಂದೆ ಮಾಡಿದರು. ಗುಡ್ಡೆಯ ಬುಡದಲ್ಲಿ ನೆಟ್ಟಿದ್ದ ನಂಬರಿನ ಹಲಗೆಗಳು ಕೂತವರ ಕಾಲಿಗೆ ತಗಲುತ್ತವೆ ಎಂದು ಅವನ್ನೂ ಕಿತ್ತರು. ಫೋಟೋ ತೆಗೆದದ್ದಾಯಿತು, ಭಾಷಣ ಆಯಿತು. ಚೊಕ್ಕವಾದ ಮಣ್ಣು ಮಿಕ್ಕಿದೆ, ಬೇಕಾದವರಿಗೆ ಕೊಡುತ್ತೇವೆ ಎಂದು ಸಾಹೇಬರು ಮೈಕಿನಲ್ಲಿ ಸಾರಿದ್ದೂ ಆಯಿತು. ಸಂಜೆ ಹಲಗೆಗಳನ್ನು ಟಾರ್ಪಾಲಿನ ಬಣ್ಣ ನೋಡಿಕೊಂಡು ಅಂದವಾಗಿ ವಾಪಸು ನೆಟ್ಟರು. ಮರುದಿನ ನಾನು ಬಂದಾಗ ಎಲ್ಲ ಸಾಲಾಗಿ, ಚೊಕ್ಕಟವಾಗಿ, ಗೆರೆ ಎಳೆದ ಹಾಗೆ ನಿಂತಿತ್ತು. ಹೊದಿಕೆ ಬದಲಾಗಿದೆ ಎಂದು ನನಗೆ ಒಬ್ಬರೂ ಹೇಳಲಿಲ್ಲ. ಹೇಳುವಂಥ ವಿಷಯ ಎಂದೇ ಅವರಿಗೆ ಅನ್ನಿಸಿರಲಿಲ್ಲ.

ಗೊತ್ತಾದದ್ದು ಹೋದ ವಾರ. ಆಟದ ಬಯಲಿಗೆ ಹರಡುವ ಮೊದಲು ನೀಲಿ ಗುಡ್ಡೆಯ ಮಣ್ಣನ್ನು ಇನ್ನೊಮ್ಮೆ ಕಳಿಸಿದ್ದೆ, ಅದು ನನ್ನ ಚಾಳಿ. ಉತ್ತರ ಬಂದಾಗ ಪ್ರಯೋಗಾಲಯದವರೇ ಫೋನು ಮಾಡಿ, ತಪ್ಪಿ ಬೇರೆ ಮಣ್ಣು ಕಳಿಸಿದ್ದೀರಾ ಮೇಡಂ ಎಂದು ಕೇಳಿದರು. ಒಬ್ಬೊಬ್ಬರನ್ನೇ ಹಿಡಿದು ಕೇಳುತ್ತಾ ಹೋದರೆ, ಕೊನೆಗೆ ಕುರ್ಚಿ ಹಾಕಿದವನು ನಗುನಗುತ್ತಾ ಈ ಕಥೆ ಹೇಳಿದ. ಸಾಹೇಬರ ಹತ್ತಿರ ಹೋಗಿ ಕೂಗಾಡಿದೆ. ಅವರು ಚಹಾ ತರಿಸಿದರು. "ಮಣ್ಣು ಅಂದ್ರೆ ಮಣ್ಣೇ ಅಲ್ವಾ ಮೇಡಂ, ಮೇಲೆ ಹುಲ್ಲು ಹಾಸಿದ್ರೆ ನಡಿಯುತ್ತೆ ಬಿಡಿ" ಎಂದರು. ಆ ಚಹಾವನ್ನು ಅವರ ಮೇಜಿನ ಮೇಲೆ ಹಾಗೇ ಬಿಟ್ಟು ಬಂದು, ಗೇಟಿಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಲ್ಲ ಗುಡ್ಡೆಗಳಿಗೂ ಮೊದಲಿಂದ ಪರೀಕ್ಷೆ. ಕೆಲಸ ನಿಂತಿದೆ. ಮನೆ ಬುಕ್ ಮಾಡಿದವರು ಭಾನುವಾರ ಮಕ್ಕಳು ಮರಿ ಕಟ್ಟಿಕೊಂಡು ಬಂದು ಬೇಲಿಯ ಸಂದಿಯಲ್ಲಿ ಇಣುಕಿ, "ಇನ್ನೂ ಅಗೀತಾನೇ ಇದ್ದೀರಾ, ನಮ್ಮ ಕಾಲಕ್ಕೆ ಮುಗಿಯುತ್ತಾ" ಎಂದು ನನ್ನನ್ನೇ ಬೈಯುತ್ತಾರೆ. ಅವರ ಮಕ್ಕಳು ನಾಳೆ ಉರುಳಾಡುವ ಬಯಲಿಗಾಗಿ ನಾನು ಒದ್ದಾಡುತ್ತಿದ್ದೇನೆ ಎಂದು ಯಾರಿಗೆ ಹೇಳಲಿ? ಗೋಡೆಗೆ ಹೇಳಬಹುದು. ಅದೂ ತಗಡಿನ ಗೋಡೆ, ಸದ್ದು ಮಾಡುತ್ತದೆ.

ಇಷ್ಟರ ನಡುವೆ ಒಂದೇ ಸಮಾಧಾನ, ಹೊರಗೆ ಹೋದದ್ದು ಒಂದೇ ಲಾರಿ ಎಂದುಕೊಂಡೆ. ಎಲ್ಲಿಗೆ ಹೋಯಿತು ಎಂದು ಕೇಳಿದರೆ ನಿನ್ನ ಮನೆಗೆ.

ಇದು ಭಾವನ ಕೆಲಸವಲ್ಲದೆ ಇನ್ಯಾರದು ಹೇಳು. ಪುಕ್ಕಟೆ ಎಂದರೆ ಅವರಿಗೆ ನಿದ್ದೆಯಲ್ಲೂ ಎಚ್ಚರವಾಗುತ್ತದೆ. ಮೈಕಿನಲ್ಲಿ ಹೇಳಿದ್ದು ಹೇಗೋ ಅವರ ಕಿವಿಗೆ ಬಿದ್ದಿರಬೇಕು. ನಮ್ಮ ಮೀಸೆ ಡ್ರೈವರ್ ದಿನಾ ನಿಮ್ಮೂರ ದಾರಿಯಲ್ಲೇ ಹೋಗುವವನು, ಅವನನ್ನು ಹೇಗೋ ಒಲಿಸಿಕೊಂಡಿರಬೇಕು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಜಗಳ ನಿನಗೂ ನನಗೂ, ಅವರಿಗೂ ನನಗೂ ಅಲ್ಲವಲ್ಲ. ದೊಡ್ಡವರು, ಇಷ್ಟು ವರ್ಷ ಮೇಷ್ಟರಾಗಿದ್ದವರು, ಯಾವ ಮಣ್ಣು, ಎಲ್ಲಿಯದು ಎಂದು ವಿಚಾರಿಸದೆ ಅಂಗಳಕ್ಕೆ ಸುರಿಸಿಕೊಳ್ಳುತ್ತಾರೆಯೇ? ಅವರನ್ನು ನಾಲ್ಕು ಮಾತು ಅನ್ನುವ ಹಕ್ಕು ನನಗಿದೆ, ಅಂದಿದ್ದೇನೆ. ಅವರಿಗೆ ಈ ಭಾಗ ಓದಿ ಹೇಳು.

ಆ ಮಣ್ಣು ನೋಡಲು ಚೆನ್ನಾಗಿಯೇ ಇದೆ, ಅದೇ ಕಷ್ಟ. ಕಪ್ಪಗೆ, ಹಗುರಾಗಿ, ಒಂದು ಕಲ್ಲಿಲ್ಲದೆ, ಬೆರಳ ಸಂದಿಯಲ್ಲಿ ಹಿಟ್ಟಿನಂತೆ ಇಳಿಯುತ್ತದೆ. ಈ ಸೈಟಿನಲ್ಲೆಲ್ಲ ಅಷ್ಟು ಚೆಂದದ ಗುಡ್ಡೆ ಇನ್ನೊಂದಿಲ್ಲ. ನದಿ ಹೊತ್ತು ತಂದು ಹಾಕಿದ ಮಣ್ಣು ಹಾಗೇ ಇರುತ್ತದೆ ಎಂದು ಕೇಳಿದ್ದೇನೆ. ಅದನ್ನು ನೋಡಿದರೆ ಯಾರಿಗಾದರೂ ಅಲ್ಲೇ ಒಂದು ಗಿಡ ನೆಡಬೇಕು ಅನ್ನಿಸುತ್ತದೆ. ಹಾಗಾಗಿ ಭಾವನನ್ನು ತೀರಾ ಬೈಯಬೇಡ.

ಈಗ ಮಾಡಬೇಕಾದದ್ದು. ಭಾವ ಇಷ್ಟು ಹೊತ್ತಿಗೆ ಅದನ್ನು ಹರಡಿ, ಪಾಲಕ್ ಬೀಜ ಹಾಕಿ, ನೀರು ಬಿಟ್ಟು, ದಿನಕ್ಕೆ ನಾಲ್ಕು ಸಲ ಹೋಗಿ ಮೊಳಕೆ ನೋಡುತ್ತಿರುತ್ತಾರೆ. ಮೊಳೆತದ್ದನ್ನು ಯಾರೂ ತಿನ್ನಬೇಡಿ. ಒಣ ಪೊರಕೆಯಲ್ಲಿ ಅಂಗಳ ಗುಡಿಸಬೇಡ, ಧೂಳು ಮನೆಯೊಳಗೆ ಬರುತ್ತದೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸು. ಚಪ್ಪಲಿ ಬಾಗಿಲಾಚೆ. ಮಗುವಿನ ಕೈಯನ್ನು, ಆಟದ ಸಾಮಾನನ್ನು ಸೋಪಿನಲ್ಲಿ ತೊಳೆ. ಸೋಪಮ್ಮ ಎಂದು ಬೇಕಾದರೆ ನೀನೂ ಕರೆ. ನಾಳೆ ಮಧ್ಯಾಹ್ನ ಮೀಸೆ ಡ್ರೈವರ್ ನಮ್ಮವರನ್ನು ಕರೆದುಕೊಂಡು ಬರುತ್ತಾನೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆ, ಕಳ್ಳರು ಎಂದು ಕೂಗಬೇಡ. ಹರಡಿದ್ದನ್ನೆಲ್ಲ ಕೆರೆದು ತುಂಬಿಕೊಂಡು ಬರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಮಗುವಿನ ರಕ್ತ ಪರೀಕ್ಷೆ. ನಿನ್ನ ಮಗಳಿಗೆ ಅದನ್ನು ಎಲ್ಲಿ, ಹೇಗೆ ಮಾಡಿಸಬೇಕೆಂದು ಗೊತ್ತು. ತಡೆಯಬೇಡ. ಮಗುವಿಗೆ ಸೂಜಿ ಚುಚ್ಚುತ್ತಾರೆ ಎಂದು ಅಡ್ಡ ಮಲಗಬೇಡ.

ಅಕ್ಕ, ನನಗೆ ಸಿಟ್ಟು ಬಂದಿದೆ ಎಂದು ಇಷ್ಟುದ್ದ ಬರೆದೆ. ಸಿಟ್ಟು ಇದೆ. ಸಾಹೇಬರ ಮೇಲಿದೆ, ಟಾರ್ಪಾಲಿನ ಮೇಲಿದೆ, ಫೋನು ಎತ್ತದ ನಿನ್ನ ಮೇಲಂತೂ ಕುದಿಯುವಷ್ಟಿದೆ. ಆದರೆ ಸಿಟ್ಟಿನ ಕೆಳಗೆ ಭಯವೇ ಇರುವುದು. ಆ ಮಗುವನ್ನು ಹುಟ್ಟಿದಾಗ ನಿನಗಿಂತ ಮೊದಲು ಎತ್ತಿಕೊಂಡವಳು ನಾನು. ಊಟ ಮಾಡಲು ಕೂತರೆ ಅದರ ಬೆರಳು, ಅದರ ಬಾಯಿ ಕಣ್ಣ ಮುಂದೆ ಬರುತ್ತದೆ. ಮಗು ಆ ಮಣ್ಣನ್ನು ಮುಟ್ಟಿಲ್ಲ ಎಂದು ನೀನು ಒಂದು ಸಾಲು ಬರೆದು ಡ್ರೈವರ್ ಕೈಲಿ ಕಳಿಸು. ಬೈದು ಬರೆದರೂ ಪರವಾಗಿಲ್ಲ.

ನೀನು ಒಡಹುಟ್ಟಿದವಳಲ್ಲ ಎಂದರೂ ಅಲ್ಲೇ ಹುಟ್ಟಿದ,
ಕುಳ್ಳಿ

ತಾ.ಕ.: ಮೀಸೆ ಡ್ರೈವರ್ ನನ್ನ ವಿಚಾರವಾಗಿ ಏನಾದರೂ ಹೇಳಿದ್ದರೆ, ಅಥವಾ ನಾಳೆ ಹೇಳಿದರೆ, ನಂಬಬೇಡ. ಅವನಿಗೆ ಕಥೆ ಕಟ್ಟುವ ಚಟ.

*

ಮನೆ
ಬುಧವಾರ, ಲಾರಿ ಹೊರಡುವ ಮುಂಚೆ

ಅಕ್ಕನಿಗೇ ಬುದ್ಧಿ ಹೇಳುವಷ್ಟು ಬೆಳೆದ, ಎತ್ತರದಲ್ಲಿ ಮಾತ್ರ ಬೆಳೆಯದ ಕುಳ್ಳಿಗೆ,

ನಿನ್ನ ಕಾಗದವನ್ನು ಹರಿದಿಲ್ಲ. ಎರಡು ಸಲ ಓದಿದೆ. ಒಂದು ಸಲ ನನಗೆ, ಇನ್ನೊಂದು ಸಲ ನಿನ್ನ ಭಾವನಿಗೆ ಜೋರಾಗಿ. ಅವರನ್ನು ಬೈದ ಭಾಗವನ್ನು ಅವರು ಮತ್ತೊಮ್ಮೆ ಓದಿಸಿ ಕೇಳಿದರು. ಅವರಿಗೆ ಬೇಸರವೇ ಆಗಲಿಲ್ಲ. "ನಿನ್ನನ್ನ ಕೇಳದೆ ಒಂದು ಲಾರಿ ಮಣ್ಣು ತರಿಸೋ ಧೈರ್ಯ ನನಗಿದೆ ಅಂತ ಈ ಲೋಕದಲ್ಲಿ ನಂಬಿರೋದು ನಿನ್ನ ತಂಗಿ ಒಬ್ಬಳೇ" ಎಂದು ಮಧ್ಯಾಹ್ನದಿಂದ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾರೆ.

ಕಥೆ ಕಟ್ಟುವ ಚಟ ಯಾರಿಗಿದೆ ಎಂದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೀಸೆ ಡ್ರೈವರ್ ಮಣ್ಣು ಇಳಿಸಿದ ದಿನವೇ ನನ್ನ ಮುಂದೆ ನಿಂತು, ತಲೆ ಕೆರೆದುಕೊಂಡು, ಎಲ್ಲ ಹೇಳಿದ್ದ. "ನಿಮ್ಮ ತಂಗಿಯವರೇ ಕಳಿಸಿದ್ದು ಅಮ್ಮಾ. ಅಕ್ಕನಿಗೆ ನನ್ನ ಹೆಸರು ಹೇಳಬೇಡ ಅಂದಿದ್ದಾರೆ, ಆದರೆ ನೀವು ಕೇಳಿದ್ಮೇಲೆ ಸುಳ್ಳು ಹೇಳೋಕೆ ಬರಲ್ಲ. ಅವರೇ ಗುಡ್ಡೆ ಹತ್ತಿದ್ರು, ಕೈಲಿ ಪುಡಿ ಮಾಡಿ ನೋಡಿದ್ರು, ಮೂಸಿ ನೋಡಿದ್ರು, ಇದನ್ನೇ ತುಂಬು, ಇದೇ ಎಲ್ಲಕ್ಕಿಂತ ಚೆನ್ನಾಗಿರೋದು ಅಂದ್ರು" ಎಂದ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆ ಹೊಡೆಯುವುದಿಲ್ಲ, ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳುವವಳು ನೀನು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಪಾಪದ ಭಾವನ ತಲೆಗೆ ಕಟ್ಟಲು ಎರಡು ಪುಟ ಖರ್ಚು ಮಾಡಿದ್ದೀಯಲ್ಲ, ಅಷ್ಟರಲ್ಲಿ ನಾನೇ ಕಳಿಸಿದೆ ಅಕ್ಕ ಎಂಬ ಒಂದು ಸಾಲು ಹಿಡಿಸುತ್ತಿರಲಿಲ್ಲವೇ?

ನಿನ್ನ ಪುಣ್ಯ, ನನಗೆ ಆ ದಿನ ಕೆಟ್ಟ ಕೋಪ ಬಂತು. ಕೊಡಲು ಮನಸ್ಸಿದೆ, ಹೆಸರು ಹೇಳಿ ಕೊಡಲು ಮುಖವಿಲ್ಲ, ಅಂಥ ಮಣ್ಣು ನನಗ್ಯಾಕೆ ಎಂದೆ. ಗೇಟಿನೊಳಗೆ ಬಿಡಲೇ ಇಲ್ಲ. ಹೊರಗೆ ಗೋಡೆಯ ಪಕ್ಕ ಸುರಿಸಿ, ಅದೇ ನೀಲಿ ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಿಸಿದೆ. ನಿನ್ನ ಭಾವ ಒಂದು ದಿನ ಗುದ್ದಲಿ ಹಿಡಿದು ಆ ಕಡೆ ಹೊರಟರು. ಅವಳು ಬಂದು ಬಾಯಿ ಬಿಟ್ಟು ಹೇಳುವವರೆಗೆ ಮುಟ್ಟಿದರೆ ನೋಡಿ ಎಂದೆ, ಗುದ್ದಲಿ ವಾಪಸು ಹೋಯಿತು. ಅಂಗಳದಲ್ಲಿ ಈಗಲೂ ಅದೇ ಇಟ್ಟಿಗೆ ಚೂರು. ಪಾಲಕ್ಕೂ ಇಲ್ಲ, ಮೊಳಕೆಯೂ ಇಲ್ಲ. ನನ್ನ ಹಟಕ್ಕೆ ಚಿಕ್ಕಂದಿನಿಂದ ಬೈದವರೆಲ್ಲ ಇವತ್ತು ಬಾಯಿ ಮುಚ್ಚಿದ್ದಾರೆ. ನಿನ್ನವರು ಬಂದು ಗುಡ್ಡೆಯನ್ನು ತುಂಬಿಕೊಂಡರು, ಕೆಳಗಿನ ನೆಲವನ್ನೂ ಕೆರೆದರು. ಮೂಗಿನ ಬಟ್ಟೆ ಬಿಚ್ಚಿಸಿ, ಸೋಪು ಕೊಟ್ಟು ಕೈ ತೊಳೆಸಿ, ಚಹಾ ಕೊಟ್ಟೆ. ಸೋಪು ಎಂದ ಕೂಡಲೇ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಆ ನಡಿಯುತ್ತೆ ಸಾಹೇಬರಿಗೆ ಬೀಗದ ಕೈ ಕೊಡಬೇಡ. ಯಾರು ಏನಂದರೂ ಕೊಡಬೇಡ. ಬೇಲಿಯ ಸಂದಿಯಲ್ಲಿ ಇಣುಕುವವರು ಬೈದರೆ ಬೈಯಲಿ. ನಾನೇ ಇಷ್ಟು ಬೈದಿದ್ದೇನೆ, ಸಾಯಲಿಲ್ಲವಲ್ಲ ನೀನು.

ಮೇಷ್ಟರು ನಮಸ್ಕಾರ ತಿಳಿಸಿದ್ದಾರೆ. ಅವರನ್ನು ಇನ್ನೊಮ್ಮೆ ಹಾಗೆ ಬೈದು ಬರೆಯಬೇಕಂತೆ.

ಒಂದೇ ಹೊದಿಕೆ ಎಳೆದಾಡಿದವರಲ್ಲಿ ಹೆಚ್ಚು ಎಳೆದವಳು,
ಅಕ್ಕ

ತಾ.ಕ.: ಇದನ್ನು ಬರೆಯುವುದೇ ಬೇಡ ಎಂದುಕೊಂಡು ಸಹಿ ಹಾಕಿ ಮುಗಿಸಿದ್ದೆ. ನಿನ್ನ ಡ್ರೈವರ್ ಲಾರಿ ಶುರು ಮಾಡಿಕೊಂಡು ಕೂತಿದ್ದಾನೆ, ಕಾಯಲಿ. ಮಣ್ಣು ಬಂದ ದಿನ ಎಲ್ಲರೂ ಒಳಗೆ ಹೋದ ಮೇಲೆ ನಾನೊಬ್ಬಳೇ ಹೋಗಿ ಟಾರ್ಪಾಲಿನ ಮೂಲೆ ಎತ್ತಿ ಒಂದು ಬುಟ್ಟಿ ತೆಗೆದೆ. ಕೋಪ ಇತ್ತು, ಆದರೂ ನೀನು ಆರಿಸ್ಕೊಂಡು ಕಳಿಸಿದ್ದಲ್ಲವಾ. ಅಮ್ಮನ ಗುಲಾಬಿಯ ಕಡ್ಡಿಯನ್ನು ಅದರಲ್ಲೇ ನೆಟ್ಟು ಕುಂಡವನ್ನು ಅಡುಗೆಮನೆ ಬಾಗಿಲಲ್ಲಿ ಇಟ್ಟೆ. ಕಡ್ಡಿ ಚಿಗುರಿದೆ. ಹೋದ ವಾರ ಎರಡು ಸಲ ಚಿಟಿಕೆಯ ತುಟಿಯ ಮೇಲೆ ಆ ಮಣ್ಣಿತ್ತು. ಸೆರಗಿನಲ್ಲಿ ಒರೆಸಿ ನಕ್ಕುಬಿಟ್ಟೆ. ಇವತ್ತು ಅವಳ ರಕ್ತ ತೆಗೆದುಕೊಂಡು ಹೋಗಿದ್ದಾರೆ, ಶನಿವಾರ ಹೇಳುತ್ತಾರಂತೆ. ಮಗಳಿಗೆ ನಾನು ಧೈರ್ಯ ಹೇಳುತ್ತಿದ್ದೇನೆ, ನನಗೆ ಹೇಳುವವರು ಯಾರೂ ಇಲ್ಲ. ನೀನು ಶುಕ್ರವಾರವೇ ಬಾ.